ಸಾಕಷ್ಟು ಎಂದರೆ ಎಷ್ಟು?

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸಹೊರಟವರ ಪಟ್ಟಿಯನ್ನು ನೋಡಿದರೆ, ಮೊದಲ ಸಾಲಿನಲ್ಲಿ ಪ್ರೊಸೆಸರ್ ಇರುತ್ತದೆ, ಎರಡನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್. ಆಮೇಲೆ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ. ಎಲ್ಲ ಮುಗಿದ ಮೇಲೆ, ಕೈಯಲ್ಲುಳಿದ ಚಿಲ್ಲರೆಗೆ ಒಗ್ಗುವಂತೆ ಕೊನೆಯಲ್ಲಿ ಬರೆಯುವ ಹೆಸರು ಎಸ್‌ಎಂಪಿಎಸ್. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಪಳಗಿಸಿ, ಒಳಗಿನ ಪ್ರತಿಯೊಂದು ಭಾಗಕ್ಕೂ ಹಂಚುವ ಪೆಟ್ಟಿಗೆ ಅದು. ಮದುವೆಮನೆಯಲ್ಲಿ ಅಡಿಗೆಯವರನ್ನೂ ಬಡಿಸುವವರನ್ನೂ ಹೊಗಳುವ ನೆಂಟರು ಉಗ್ರಾಣದಲ್ಲಿ ಕುಳಿತು ಅಳೆದು ಕೊಡುವವರ ಮುಖವನ್ನೇ ನೋಡಿರುವುದಿಲ್ಲ. ಎಸ್‌ಎಂಪಿಎಸ್‌ನ ಸ್ಥಿತಿಯೂ ಅದೇ. ಅದರ ನೆನಪಾಗುವುದು ಅದು ಕೈಕೊಟ್ಟ ದಿನ ಮಾತ್ರ.

ಇಂಥ ಒಂದು ಪೆಟ್ಟಿಗೆಯ ಆಯ್ಕೆಗಾಗಿ ನಮ್ಮ ಬಳಗವು ಮೂರು ಭಾನುವಾರಗಳ ಸಭೆಯನ್ನು ವಿನಿಯೋಗಿಸಿತೆಂದರೆ ಹೊರಗಿನವರು ನಕ್ಕಾರು. ಆದರೆ ಕಾರಣ ನಗುವಂಥದ್ದಲ್ಲ. ಡೊಂಬಿವಲಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿರುವ ನಮ್ಮ ಕೋಣೆಯ ಬೀರುವಿನಲ್ಲಿ 163 ಆಡಿಯೋ ಕ್ಯಾಸೆಟ್ಟುಗಳಿವೆ. 80ರ ಹಾಗೂ 90ರ ದಶಕಗಳಲ್ಲಿ ಬಳಗದ ಹಿರಿಯರು ಮನೆಮನೆಗೆ ಹೋಗಿ ಧ್ವನಿಮುದ್ರಿಸಿಕೊಂಡ ಮಾತುಕತೆಗಳು ಅವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರು, ಗಿರಣಿಯ ಪಾಳಿ ಬಿಟ್ಟು ಬಂದು ನಾಟಕದ ತಾಲೀಮಿಗೆ ನಿಲ್ಲುತ್ತಿದ್ದವರು, ಕರಾವಳಿಯಿಂದ ಹಡಗಿನಲ್ಲಿ ಬಂದು ಬೊಂಬಾಯಿಯಲ್ಲಿ ಇಳಿದ ಬೆಳಗನ್ನು ಮರೆಯದವರು ಅಲ್ಲಿ ಮಾತನಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಕ್ಯಾಸೆಟ್ಟುಗಳಿಗೆ ಇನ್ನೊಂದು ಪ್ರತಿಯೂ ಇಲ್ಲ. ಟೇಪಿನ ಮೇಲಿನ ಕಂದು ಲೇಪ ಉದುರುತ್ತಿದೆ. ಕೆಲವನ್ನು ಒಮ್ಮೆ ನುಡಿಸಬಹುದು, ಎರಡನೆಯ ಸಲ ನುಡಿಯುತ್ತದೆಂಬ ಭರವಸೆಯಿಲ್ಲ.

ಅವುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುವ ಕೆಲಸ ಸದಸ್ಯರೊಬ್ಬರು ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಆರಂಭವಾಗಿತ್ತು. ಆ ಮಳೆಗಾಲದ ಒಂದು ಸಂಜೆ, 90 ನಿಮಿಷದ ಕ್ಯಾಸೆಟ್ಟಿನ ಮೊದಲ ಮಗ್ಗುಲು ಓಡುತ್ತಿರುವಾಗ ದೀಪ ಒಮ್ಮೆ ಮಿಣುಕಿತು. ಯುಪಿಎಸ್ ಇತ್ತು, ಅದು ‘ಟಕ್’ ಎಂದು ಬ್ಯಾಟರಿಗೆ ಹೊರಳಿತು, ಆದರೂ ಕಂಪ್ಯೂಟರ್ ಮಾತ್ರ ಕಣ್ಣುಮುಚ್ಚಿ ಮತ್ತೆ ಮೊದಲಿನಿಂದ ಎದ್ದಿತು. ಮುದ್ರಣವಾಗುತ್ತಿದ್ದ ಕಡತ ಉಳಿಯಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ನುಡಿಸಹೋದಾಗ ಟೇಪು ಡೆಕ್ಕಿನೊಳಗೆ ಸಿಕ್ಕಿಕೊಂಡು ನುರಿದು ತುಂಡಾಯಿತು. ಅಂಟಿಸಿದೆವು, ಮುಂದಿನ ಭಾಗವೆಲ್ಲ ದಕ್ಕಿತು. ಹೋದದ್ದು ಕೆಲವೇ ಸೆಕೆಂಡುಗಳ ಮಾತು. ಹದಿಮೂರನೆಯ ವಯಸ್ಸಿನಲ್ಲಿ ಬಂದ ಹಿರಿಯರೊಬ್ಬರು, ಮೊದಲ ರಾತ್ರಿ ತಮಗೆ ಮಲಗಲು ಜಾಗ ಕೊಟ್ಟವರ ಹೆಸರು ಹೇಳುವ ಜಾಗ ಅದು. ‘ಅವರು ಇಲ್ಲದಿದ್ದರೆ ನಾನು ಮಾರನೆಯ ದಿವಸವೇ ಊರಿಗೆ ತಿರುಗಿ ಹೋಗುತ್ತಿದ್ದೆ’ ಎಂಬ ಮಾತು ಕೇಳಿಸುತ್ತದೆ; ಯಾರು ಎಂಬುದು ಕೇಳಿಸುವುದಿಲ್ಲ. ಅವರ ಮಕ್ಕಳನ್ನು ವಿಚಾರಿಸಿದೆವು. ಅವರಿಗೂ ಆ ಹೆಸರು ತಿಳಿದಿರಲಿಲ್ಲ.

ಯುಪಿಎಸ್ ಇದ್ದೂ ಯಂತ್ರ ಏಕೆ ನಿಂತಿತು? ರಿಪೇರಿಯವರು ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದರು. ಒಳಗಿನ ಕೆಪಾಸಿಟರುಗಳಲ್ಲಿ ಕೆಲವು ತಲೆಯುಬ್ಬಿ ಅಂಟು ಸುರಿಸಿದ್ದವು. ಕೆಪಾಸಿಟರೆಂದರೆ ಡೊಂಬಿವಲಿಯ ನಮಗೆ ಹೊಸ ಏರ್ಪಾಡೇನೂ ಅಲ್ಲ. ನಲ್ಲಿಯಲ್ಲಿ ನೀರು ಬಾರದ ಹೊತ್ತಿಗೆಂದು ಡ್ರಮ್ಮಿನಲ್ಲಿ ತುಂಬಿಡುತ್ತೇವಲ್ಲ, ಅಂಥದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದಂತೆ ಬರುತ್ತದೆ; ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಹೊರಳಲು ನಾಲ್ಕರಿಂದ ಹತ್ತು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಆ ನಡುವಿನ ಬರಗಾಲದಲ್ಲಿ ಕಂಪ್ಯೂಟರನ್ನು ಬದುಕಿಸುವುದು ಎಸ್‌ಎಂಪಿಎಸ್‌ನೊಳಗಿನ ದೊಡ್ಡ ಕೆಪಾಸಿಟರು. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯ ವಿನ್ಯಾಸಸೂಚಿಗಳು ಈ ತಾಳಿಕೆ ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡು ಇರಬೇಕೆಂದು ಬಹುಕಾಲ ಹೇಳುತ್ತ ಬಂದಿವೆ. ಅಗ್ಗದ ಪೆಟ್ಟಿಗೆಯಲ್ಲಿ ಡ್ರಮ್ಮೇ ಚಿಕ್ಕದು. ಅದೂ ಸೆಕೆಗೆ ಸೋರಿಹೋಗಿದ್ದರೆ ಯುಪಿಎಸ್ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

ಹೊಸ ಯಂತ್ರವನ್ನು ನಾವೇ ಜೋಡಿಸುವುದೆಂದು ತೀರ್ಮಾನವಾದಾಗ ಸಭೆಯಲ್ಲಿ ಎರಡು ಪಕ್ಷಗಳಾದವು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಖಜಾಂಚಿಗಳು, ಮೂಲತಃ ಉಡುಪಿ ಕಡೆಯವರು, ಪಟ್ಟಿಯನ್ನು ಕನ್ನಡಕದ ಮೇಲಿಂದ ನೋಡಿ, “ಅಲ್ಲ ಮಾರಾಯ್ರೆ, ಕ್ಯಾಬಿನೆಟ್ಟಿನ ಒಟ್ಟಿಗೆ ಪುಕ್ಕಟೆ ಸಿಗುವ ಸಾಮಾನಿಗೆ ನಾಲ್ಕೂವರೆ ಸಾವಿರ ಯಾಕೆ? ಮತ್ತೆ ದೊಡ್ಡದು ತಂದರೆ ಕರೆಂಟು ಬಿಲ್ಲು ಯಾರು ಕಟ್ಟುವುದು?” ಎಂದರು. ಹಣ ಸದಸ್ಯರ ಚಂದಾದ್ದು. ಕೇಳುವುದು ಅವರ ಧರ್ಮವೇ. ಇನ್ನೊಂದು ಪಕ್ಷ ನಮ್ಮ ಸದಸ್ಯರೊಬ್ಬರ ಮಗನದು, ಇಲ್ಲೇ ಹುಟ್ಟಿ ಬೆಳೆದ ಎಂಜಿನಿಯರಿಂಗ್ ವಿದ್ಯಾರ್ಥಿ. “ಅಂಕಲ್, ನಾಳೆ ದೊಡ್ಡ ಕಾರ್ಡ್ ಹಾಕ್ಬೇಕು ಅನ್ಸಿದ್ರೆ? ಈಗ್ಲೇ 850 ವ್ಯಾಟ್ ಗೋಲ್ಡ್ ತಗೊಂಡ್ಬಿಡೋಣ, ಟೆನ್ಷನ್ನೇ ಇರಲ್ಲ” ಎಂದ. ಒಬ್ಬರಿಗೆ ಇರುವುದರಲ್ಲೇ ಅಗ್ಗದ್ದು, ಇನ್ನೊಬ್ಬನಿಗೆ ಇರುವುದರಲ್ಲೇ ದೊಡ್ಡದು. ನಡುವೆ ಲೆಕ್ಕ ಹಾಕುವ ಕೆಲಸವೊಂದು ಉಳಿದಿತ್ತು; ಅದನ್ನು ಮಾಡಿದೆವು.

ಮೊದಲು ಪ್ರೊಸೆಸರ್. ನಾವು ಆರಿಸಿದ್ದು ಇಂಟೆಲ್‌ನ ಕೋರ್ ಐ5-12400. ಅದರ ವಿವರಪಟ್ಟಿಯಲ್ಲಿ ಎದ್ದುಕಾಣುವ ಅಂಕೆ 65 ವ್ಯಾಟ್. ಆದರೆ ಅದೇ ಪಟ್ಟಿಯಲ್ಲಿ ಗರಿಷ್ಠ ಟರ್ಬೋ ಶಕ್ತಿ 117 ವ್ಯಾಟ್ ಎಂದೂ ಇದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದನ್ನು. ಈ ಅಂತರ ಕೆಲವು ಪ್ರೊಸೆಸರುಗಳಲ್ಲಿ ಇನ್ನೂ ಹೆಚ್ಚು. ಅದೇ ಕಂಪನಿಯ ಐ7-13700ಕ್ಕೂ ಮೂಲ ಅಂಕೆ 65 ವ್ಯಾಟೇ, ಗರಿಷ್ಠ ಅಂಕೆ 219. ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶಕ್ಕೆ ಕಾರ್ಡಿನಲ್ಲಿ ಹೆಚ್ಚು ಮೆಮೊರಿ ಬೇಕಾದ್ದರಿಂದ 12 ಜಿಬಿಯ ಆರ್‌ಟಿಎಕ್ಸ್ 3060 ಗೊತ್ತುಮಾಡಿದ್ದೆವು. ಅದಕ್ಕೆ 170 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್, ಮೂರು ಫ್ಯಾನ್, ಯುಎಸ್‌ಬಿಗೆ ಸಿಕ್ಕಿಸುವ ಧ್ವನಿ ಉಪಕರಣ, ಇವೆಲ್ಲಕ್ಕೂ ಕೈಬಿಚ್ಚಿ ಹಿಡಿದರೆ 75 ವ್ಯಾಟ್. ಹಾರ್ಡ್ ಡಿಸ್ಕು ಓಡುವಾಗ ಏಳೆಂಟು ವ್ಯಾಟಿನಲ್ಲಿ ತೃಪ್ತವಾದರೂ ನಿಂತಲ್ಲಿಂದ ತಿರುಗಲಾರಂಭಿಸುವಾಗ 12 ವೋಲ್ಟಿನಲ್ಲಿ ಎರಡು ಆಂಪಿಯರ್‌ವರೆಗೆ, ಅಂದರೆ 24 ವ್ಯಾಟ್‌ವರೆಗೆ ಎಳೆಯುತ್ತದೆ. ಒಟ್ಟು 362 ವ್ಯಾಟ್.

ಹಾಗಾದರೆ 400 ವ್ಯಾಟಿನ ಪೆಟ್ಟಿಗೆ ಸಾಲದೇ? ಇಲ್ಲಿ ಒಂದು ಸೂಕ್ಷ್ಮವಿದೆ. ಗ್ರಾಫಿಕ್ಸ್ ಕಾರ್ಡಿಗೆ ಹೇಳಿದ 170 ಎಂಬುದು ಸರಾಸರಿಯ ಮಾತು. ಕೆಲಸದ ಭಾರ ದಿಢೀರನೆ ಏರಿದಾಗ ಅದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಆ ಗೆರೆಯನ್ನು ಹಾರಿ ದಾಟಿ ಮರಳುತ್ತದೆ. ಮೀಟರಿಗೆ ಕಾಣದಷ್ಟು ಚಿಕ್ಕ ಈ ನೆಗೆತವು ಎಸ್‌ಎಂಪಿಎಸ್‌ನ ರಕ್ಷಣಾವ್ಯವಸ್ಥೆಗೆ ಕಂಡುಬಿಟ್ಟರೆ ಅದು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ದೊಡ್ಡ ಕಾರ್ಡುಗಳಲ್ಲಿ ಇದು ಎಷ್ಟು ಬೆಳೆಯಿತೆಂದರೆ, 2022ರಲ್ಲಿ ಬಂದ ಎಟಿಎಕ್ಸ್ 3.0 ಮಾದರಿಯು ಅಂಥ ಕಾರ್ಡುಗಳಿಗೆಂದು ಮಾಡಿದ ಎಸ್‌ಎಂಪಿಎಸ್ ತನ್ನ ಶಕ್ತಿಯ ಎರಡರಷ್ಟು ಹೊರೆಯನ್ನು 100 ಮೈಕ್ರೋಸೆಕೆಂಡು ತಾಳಬೇಕೆಂದು ವಿಧಿಸಿತು. ನಮ್ಮ ಕಾರ್ಡಿಗೆ ತಯಾರಕರೇ 550 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎನ್ನುತ್ತಾರೆ. 362ಕ್ಕೆ 550 ಎಂದರೆ ಮೂರರಲ್ಲಿ ಎರಡು ಪಾಲು ಹೊರೆ, ಒಂದು ಪಾಲು ಬಿಡುವು. ಕೆಪಾಸಿಟರುಗಳು ವರ್ಷಗಳಲ್ಲಿ ಸೊರಗುವುದನ್ನೂ ಡೊಂಬಿವಲಿಯ ಮೇ ತಿಂಗಳನ್ನೂ ಆ ಬಿಡುವಿನಲ್ಲಿ ಸೇರಿಸಿಕೊಳ್ಳಬಹುದು.

ಖಜಾಂಚಿಗಳ ಬಿಲ್ಲಿನ ಅಂಜಿಕೆಗೂ ಉತ್ತರ ಬೇಕಿತ್ತು. 550 ಎಂದು ಬರೆದ ಪೆಟ್ಟಿಗೆ ಸದಾ 550 ವ್ಯಾಟ್ ಎಳೆಯುವುದಿಲ್ಲ, 850ರದೂ ಹಾಗೆಯೇ. ಒಳಗಿನ ಭಾಗಗಳು ಕೇಳಿದಷ್ಟನ್ನೇ, ಅದರ ಮೇಲೆ ತನ್ನ ಪರಿವರ್ತನೆಯ ನಷ್ಟವನ್ನು ಸೇರಿಸಿ, ಗೋಡೆಯಿಂದ ಪಡೆಯುತ್ತದೆ. ಆ ನಷ್ಟ ಎಷ್ಟೆಂಬುದನ್ನು ಹೇಳುವುದೇ ‘80 ಪ್ಲಸ್’ ಎಂಬ ಮುದ್ರೆ. 2004ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ 115 ವೋಲ್ಟಿನ ಪರೀಕ್ಷೆಯಂತೆ ಅರ್ಧ ಹೊರೆಯಲ್ಲಿ ಬ್ರಾಂಜ್‌ಗೆ ಶೇಕಡಾ 85, ಗೋಲ್ಡ್‌ಗೆ ಶೇಕಡಾ 90 ದಕ್ಷತೆ ಬೇಕು. ಒಳಗೆ 360 ವ್ಯಾಟ್ ಬೇಕಾದಾಗ ಬ್ರಾಂಜ್ ದಕ್ಷತೆಯಲ್ಲಿ ಗೋಡೆಯಿಂದ ಸುಮಾರು 424, ಗೋಲ್ಡ್ ದಕ್ಷತೆಯಲ್ಲಿ 400. ವಾರಕ್ಕೆ ಕೆಲವೇ ಗಂಟೆ ಓಡುವ ನಮ್ಮ ಯಂತ್ರಕ್ಕೆ ಈ 24 ವ್ಯಾಟಿನ ಉಳಿತಾಯದಿಂದ ಗೋಲ್ಡ್‌ನ ಹೆಚ್ಚಿನ ಬೆಲೆ ಹುಟ್ಟುವ ಹೊತ್ತಿಗೆ ಪೆಟ್ಟಿಗೆಯ ಆಯುಸ್ಸೇ ಮುಗಿದೀತು. ಇನ್ನೊಂದು ಮಾತನ್ನು ಆ ಹುಡುಗನಿಗೂ ಹೇಳಿದೆವು. ಚಿನ್ನವೋ ಕಂಚೋ, ಆ ಪದಕ ಮಿತವ್ಯಯಕ್ಕೆ ಕೊಟ್ಟದ್ದು, ಬಲಕ್ಕಾಗಲಿ ಬಾಳಿಕೆಗಾಗಲಿ ಅಲ್ಲ. ಮಿಣುಕಿದಾಗ ಎಷ್ಟು ಮಿಲಿಸೆಕೆಂಡು ತಾಳುತ್ತದೆ, ವೋಲ್ಟೇಜು ಮಿತಿಮೀರಿದರೆ ತಾನು ನಿಂತು ಒಳಗಿನವರನ್ನು ಉಳಿಸುತ್ತದೆಯೇ ಎಂಬುದನ್ನು ಪದಕ ಹೇಳುವುದಿಲ್ಲ.

ಅದನ್ನು ತಿಳಿಯಲು ಲೇಬಲ್ಲನ್ನೂ ವಿವರಪಟ್ಟಿಯನ್ನೂ ಓದಬೇಕು. ಚೆನ್ನೈಯವರಿಗೆ ರಿಚೀ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇರುವಂತೆ ನಮಗೆ ಲ್ಯಾಮಿಂಗ್ಟನ್ ರಸ್ತೆ ಇದೆ. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು, ಖಜಾಂಚಿಗಳನ್ನೂ ಹುಡುಗನನ್ನೂ ಕೂಡಿಕೊಂಡೇ ಹೋದೆವು. ಮೊದಲ ಅಂಗಡಿಯಲ್ಲಿ ‘450 ವ್ಯಾಟ್’ ಎಂದು ಕೆಂಪಕ್ಷರದಲ್ಲಿ ಬರೆದ, ಒಂಬೈನೂರು ರೂಪಾಯಿಯ ಪೆಟ್ಟಿಗೆಯನ್ನು ಮುಂದಿಟ್ಟರು. ಕೈಗೆತ್ತಿಕೊಂಡರೆ ಹಪ್ಪಳದ ಡಬ್ಬಿಯಷ್ಟು ಹಗುರ. ಅದರ ಮೈಮೇಲಿನ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು 12 ವೋಲ್ಟಿನ ಪಂಕ್ತಿಯಲ್ಲೇ. ಮಿಕ್ಕದ್ದೆಲ್ಲ ಹಳೆಯ ಕಾಲದ 5 ಮತ್ತು 3.3 ವೋಲ್ಟುಗಳ ಲೆಕ್ಕದಲ್ಲಿ ಕೂಡಿಸಿದ ಅಂಕೆ. ಖಜಾಂಚಿಗಳು ಗುಣಾಕಾರವನ್ನು ತಾವೇ ಎರಡು ಸಲ ಮಾಡಿ ನೋಡಿ, ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟರು. ಜೀವಮಾನವಿಡೀ ಜಮಾ-ಖರ್ಚು ನೋಡಿದವರಿಗೆ ಆ ಲೇಬಲ್ಲು ಅರ್ಥವಾಗಲು ಎಲೆಕ್ಟ್ರಾನಿಕ್ಸ್ ಬೇಕಾಗಲಿಲ್ಲ. ಮೂರನೆಯ ಅಂಗಡಿಯಲ್ಲಿ ಸಿಕ್ಕ 550 ವ್ಯಾಟಿನ ಬ್ರಾಂಜ್ ಪೆಟ್ಟಿಗೆಯ ಮೇಲೆ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540 ವ್ಯಾಟ್ ಇತ್ತು. ಅತಿ ವೋಲ್ಟೇಜು, ಅತಿ ಹೊರೆ, ಶಾರ್ಟ್ ಸರ್ಕ್ಯೂಟುಗಳ ವಿರುದ್ಧ ರಕ್ಷಣೆಯೂ ಐದು ವರ್ಷದ ವಾರಂಟಿಯೂ ಇದ್ದವು. ಬೆಲೆ 4,400. ಪಕ್ಕದಲ್ಲೇ 8,900ರ 850 ವ್ಯಾಟಿನದೂ ಇತ್ತು. ಹುಡುಗ ಅದನ್ನೊಮ್ಮೆ ಮುಟ್ಟಿ ನೋಡಿದ.

ಆ ಎರಡರ ನಡುವಿನ 4,500 ರೂಪಾಯಿ ಎಲ್ಲಿಗೆ ಹೋಗಬೇಕೆಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಬಳಗದ ಹಳೆಯ ಯುಪಿಎಸ್ 600 ವಿಎಯದು. ವಿಎ ಎಂಬುದು ವ್ಯಾಟ್ ಅಲ್ಲ. ಅದು ನಿಜಕ್ಕೂ ಕೊಡಬಲ್ಲದ್ದು 360 ವ್ಯಾಟ್. ಹೊಸ ಯಂತ್ರ ಪೂರ್ಣ ಹೊರೆಯಲ್ಲಿದ್ದಾಗ ಗೋಡೆಯಿಂದ 424 ಬೇಡುವುದಾದರೆ, ವಿದ್ಯುತ್ತು ಹೋದ ಕ್ಷಣದಲ್ಲೇ ಯುಪಿಎಸ್ ಕೂಡ ಕೈಚೆಲ್ಲುತ್ತದೆ. 850 ವ್ಯಾಟಿನ ಎಸ್‌ಎಂಪಿಎಸ್ ತಂದು ಹಳೆಯ ಯುಪಿಎಸ್ಸನ್ನೇ ಉಳಿಸಿಕೊಂಡರೆ ಒಂದು ಕಡೆ ತುಂಬಿ ತುಳುಕಿ ಇನ್ನೊಂದು ಕಡೆ ಬರಿದಾದಂತೆ. ಆ ಹಣಕ್ಕೆ ಸಾವಿರದಷ್ಟು ಸೇರಿಸಿ 600 ವ್ಯಾಟ್ ಕೊಡುವ 1000 ವಿಎಯ ಯುಪಿಎಸ್ ಕೊಂಡೆವು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅಗ್ಗದ ಯುಪಿಎಸ್‌ಗಳ ಮೆಟ್ಟಿಲುಮೆಟ್ಟಿಲಾದ ವಿದ್ಯುತ್ತಲೆ ಒಗ್ಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಎರಡನ್ನೂ ಜೋಡಿಸಿ, ಪ್ಲಗ್ಗು ಕಿತ್ತು, ಕಂಪ್ಯೂಟರೊಂದು ನಿಲ್ಲದೆ ಓಡುವುದನ್ನು ನೋಡಿಯೇ ಹಣ ಕೊಟ್ಟದ್ದು.

ಕೊಂಡುತಂದ ಮೇಲೂ ಒಂದು ಕೆಲಸವಿತ್ತು. ನಮ್ಮ ಕೋಣೆಯಲ್ಲಿ ಹಳೆಯ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳಿಗೆ ಇರುವೆ ಕಚ್ಚಿದಂತಾಗುತ್ತಿತ್ತು. ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು. ಎಸ್‌ಎಂಪಿಎಸ್‌ನ ಪ್ರವೇಶದಲ್ಲಿ ವಿದ್ಯುತ್ತಿನ ಗದ್ದಲವನ್ನು ಭೂಮಿಗೆ ಇಳಿಸುವ ಚಿಕ್ಕ ಕೆಪಾಸಿಟರುಗಳಿರುತ್ತವೆ. ಗೋಡೆಯ ಮೂರನೆಯ ತೂತಿಗೆ ಭೂಮಿಯ ಸಂಪರ್ಕವೇ ಇಲ್ಲದಿದ್ದರೆ ಆ ಕಸರು ಲೋಹದ ಮೈಗೇ ಬಂದು ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್‌ಬೋರ್ಡ್ ಬಿಚ್ಚಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಅರ್ತಿಂಗ್ ಎಳೆಸಿದ ಮೇಲೆ ಇರುವೆ ಕಚ್ಚುವುದು ನಿಂತಿತು. ಕ್ಯಾಸೆಟ್ಟಿನ ಧ್ವನಿಯ ಹಿಂದೆ ಸದಾ ಕೇಳುತ್ತಿದ್ದ ‘ಗುಂಯ್’ ಎಂಬ ನಾದವೂ ಬಹುಮಟ್ಟಿಗೆ ಅಡಗಿತು. ಹಳೆಯ ಕಟ್ಟಡಗಳಲ್ಲಿ ವಾಸಿಸುವ ಓದುಗರು ಎಸ್‌ಎಂಪಿಎಸ್ ಕೊಳ್ಳುವ ಮೊದಲೇ ಈ ಮೂರನೆಯ ತೂತನ್ನು ಪರೀಕ್ಷಿಸುವುದು ಒಳಿತು. ಜೋಡಿಸುವವರಿಗೆ ಇನ್ನೊಂದು ಎಚ್ಚರಿಕೆಯೂ ಸಲ್ಲುತ್ತದೆ. ಬಿಚ್ಚಿ ಸಿಕ್ಕಿಸುವ ಕೇಬಲ್ಲುಗಳಿರುವ ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಪೆಟ್ಟಿಗೆಯ ಕೇಬಲ್ಲನ್ನು ಹೊಸದಕ್ಕೆ ಹಾಕಕೂಡದು. ಮದರ್‌ಬೋರ್ಡಿನ ಕಡೆಯ ತುದಿಗೆ ಮಾತ್ರ ಸರ್ವಸಮ್ಮತ ನಿಯಮವಿದೆ. ಪೆಟ್ಟಿಗೆಯ ಕಡೆಯ ತುದಿಯಲ್ಲಿ ತಂತಿಗಳ ಕ್ರಮ ತಯಾರಕರ ಇಚ್ಛೆ. ಸಿಕ್ಕಿಸಲು ಸಲೀಸಾದ ಕೇಬಲ್ಲೇ ಹಾರ್ಡ್ ಡಿಸ್ಕನ್ನು ಸುಡಬಲ್ಲದು.

ಇಷ್ಟೆಲ್ಲ ಆದ ಮೇಲೆ, ‘ಸಾಕು’ ಎಂಬ ನಮ್ಮ ಮಾತಿನ ಎರಡು ಅರ್ಥಗಳು ಸಭೆಯಲ್ಲಿ ಚರ್ಚೆಗೆ ಬಂದವು, ಸಾಹಿತ್ಯದ ಬಳಗವಲ್ಲವೇ. ಎಲೆಯ ಮೇಲೆ ಕೈ ಅಡ್ಡಹಿಡಿದು ಹೇಳುವ ‘ಸಾಕು’ ಒಂದು. ಮಗುವನ್ನು, ಹಸುವನ್ನು ‘ಸಾಕು’ವುದು ಇನ್ನೊಂದು. ಸಾಕುವವರಿಗೆ ಎಷ್ಟು ಸಾಕೆಂಬುದು ತಿಳಿದಿರಬೇಕು, ಅದು ಹಸಿವು ಕೆರಳಿದ ದಿನದ ಲೆಕ್ಕವಾಗಿರಬೇಕೇ ಹೊರತು ಸಾಮಾನ್ಯ ದಿನದ್ದಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಹೋಟೆಲಿನ ಹಿಂಬದಿಯಲ್ಲಿ ಮೂವರು ಮಲಗುವ ಜಾಗದಲ್ಲಿ ನಾಲ್ಕನೆಯವನಿಗೆ ಚಾಪೆ ಬಿಡಿಸಿಕೊಟ್ಟ ಕಾಲವನ್ನು ಕಂಡವರು ಅವರು. ಆ ಚಾಪೆ ಕೊಟ್ಟವರ ಬಳಿ ಹೆಚ್ಚಿಗೆ ಏನೂ ಇರಲಿಲ್ಲ. ಬಂದವನು ಆ ರಾತ್ರಿ ಬೀದಿಯಲ್ಲಿ ಉಳಿಯದಷ್ಟು ಇತ್ತು.

ಹೊಸ ಯಂತ್ರ ಕೆಲಸಕ್ಕೆ ತೊಡಗಿ ಐದು ತಿಂಗಳಾಯಿತು. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್‌ಮೀಟರೊಂದನ್ನು ಖಜಾಂಚಿಗಳೇ ಸ್ವಂತ ಹಣದಿಂದ ತಂದಿದ್ದಾರೆ. ಕ್ಯಾಸೆಟ್ಟು ಇಳಿಸುವಾಗ ಅದು 55ರ ಆಸುಪಾಸಿನಲ್ಲಿರುತ್ತದೆ. ಧ್ವನಿಯನ್ನು ಅಕ್ಷರಕ್ಕಿಳಿಸುವಾಗ 265ರವರೆಗೆ ಏರುತ್ತದೆ. ತಂತ್ರಾಂಶಕ್ಕೆ ನಮ್ಮ ಹಿರಿಯರ ಕುಂದಗನ್ನಡವಾಗಲಿ ಧಾರವಾಡದ ಮಾತಾಗಲಿ ಸರಿಯಾಗಿ ತಿಳಿಯುವುದಿಲ್ಲ. ಅದು ಬರೆದದ್ದನ್ನು ನಾವು ಕುಳಿತು ತಿದ್ದುತ್ತೇವೆ. ಜೂನಿನಿಂದೀಚೆಗೆ ದೀಪ ಹಲವು ಸಲ ಮಿಣುಕಿದೆ, ಯುಪಿಎಸ್ ‘ಟಕ್’ ಎಂದಿದೆ; ಮುದ್ರಣ ನಿಂತಿಲ್ಲ. ಇದುವರೆಗೆ 71 ಕ್ಯಾಸೆಟ್ಟುಗಳು ಮುಗಿದಿವೆ, 92 ಉಳಿದಿವೆ. ಪುಣೆ, ಹೈದರಾಬಾದುಗಳ ಸಂಘಗಳ ಬೀರುಗಳಲ್ಲೂ ಇಂಥ ಪೆಟ್ಟಿಗೆಗಳಿರಬಹುದು. ಇದ್ದವರು ನಮಗೆ ಬರೆದರೆ ನಮ್ಮ ಲೆಕ್ಕದ ಹಾಳೆಯನ್ನು ಕಳಿಸಿಕೊಡುತ್ತೇವೆ. ಬೊಂಬಾಯಿಗೆ ಬಂದ ಹದಿಮೂರು ವರ್ಷದ ಹುಡುಗನೊಬ್ಬನಿಗೆ ಮೊದಲ ರಾತ್ರಿ ಜಾಗ ಕೊಟ್ಟವರ ಹೆಸರು ಉಳಿದ 92ರಲ್ಲಿ ಬೇರೆ ಯಾರಾದರೂ ಹೇಳಿರಬಹುದೇ ಎಂದು ಪ್ರತಿ ಭಾನುವಾರ ಕಿವಿಗೊಟ್ಟು ಕೇಳುತ್ತಿದ್ದೇವೆ.